ಮಿಡತೆಗೆ ಬಾಗಿಲು ತೆರೆದ ಇರುವೆಗಳು: 1934ರ ಒಂದು ಕಾರ್ಟೂನ್ ನೀತಿಕಥೆಯ ಕೊನೆಯನ್ನು ಬದಲಿಸಿದ್ದು ಹೇಗೆ, ಏಕೆ?

ಪ್ರತಿ ವರ್ಷ ಜನವರಿ 1ರಂದು ಅಮೆರಿಕದಲ್ಲಿ 95 ವರ್ಷ ದಾಟಿದ ಒಂದಷ್ಟು ಸಿನಿಮಾ, ಪುಸ್ತಕ, ಹಾಡುಗಳ ಹಕ್ಕುಸ್ವಾಮ್ಯ ಮುಗಿಯುತ್ತದೆ. ಅಲ್ಲಿಂದ ಮುಂದೆ ಅವನ್ನು ಯಾರು ಬೇಕಾದರೂ ತೋರಿಸಬಹುದು, ಬಳಸಿಕೊಳ್ಳಬಹುದು. 2024ರಲ್ಲಿ ಮಿಕ್ಕಿ ಮೌಸ್‌ನ ‘ಸ್ಟೀಮ್‌ಬೋಟ್ ವಿಲ್ಲಿ’ಯ ಸರದಿ ಬಂತು, 2025ರಲ್ಲಿ ‘ದಿ ಸ್ಕೆಲಿಟನ್ ಡ್ಯಾನ್ಸ್’ನದು. ಇದರಿಂದಾಗಿ ಹಳೆಯ ಕಾರ್ಟೂನ್‌ಗಳ ಬಗ್ಗೆ ಜಗತ್ತಿನಾದ್ಯಂತ ಮತ್ತೆ ಮಾತು ಶುರುವಾಗಿದೆ. ಅದೇ ಸಾಲಿನಲ್ಲಿ ನಿಂತಿರುವ, 2030ರಲ್ಲಿ ಸರದಿ ಬರಲಿರುವ ಒಂದು ಕಿರುಚಿತ್ರದ ಬಗ್ಗೆ ಈ ಲೇಖನ. ವಾಲ್ಟ್ ಡಿಸ್ನಿ ಸ್ಟುಡಿಯೊ 1934ರ ಫೆಬ್ರುವರಿಯಲ್ಲಿ ಬಿಡುಗಡೆ ಮಾಡಿದ ಆ ಚಿತ್ರದ ಹೆಸರು ‘ದಿ ಗ್ರಾಸ್‌ಹಾಪರ್ ಅಂಡ್ ದಿ ಆ್ಯಂಟ್ಸ್’. ಅಂದರೆ ಶಾಲೆಯಲ್ಲಿ ನಾವೆಲ್ಲ ಓದಿದ ಇರುವೆ–ಮಿಡತೆಯ ಕಥೆ.

ಆದರೆ ಕೊನೆ ಬೇರೆ. ನಾವು ಓದಿದ ಕಥೆಯಲ್ಲಿ ಇರುವೆ ಮಿಡತೆಯನ್ನು ಬಾಗಿಲಿಂದಲೇ ಕಳಿಸುತ್ತದೆ. ಇಲ್ಲಿ ಇರುವೆಗಳು ಅದನ್ನು ಒಳಗೆ ಎಳೆದುಕೊಂಡು ಬೆಚ್ಚಗೆ ಮಾಡುತ್ತವೆ. ಮಕ್ಕಳಿಗೆ ಇದನ್ನು ತೋರಿಸಿದ ದೊಡ್ಡವರಿಗೆ ಒಂದು ಪ್ರಶ್ನೆ ಬರುವುದು ಸಹಜ: ಹಾಗಾದರೆ ಸೋಮಾರಿತನಕ್ಕೆ ಶಿಕ್ಷೆಯೇ ಇಲ್ಲವೆ? ನನ್ನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಕಥೆಯ ಸಾರಾಂಶದಲ್ಲಿ ಸಿಗುವುದಿಲ್ಲ. ಆ ಎಂಟು ನಿಮಿಷಗಳನ್ನು ಕಟ್ಟಿದ ಬಗೆಯಲ್ಲಿ, ಅದರ ಬಣ್ಣದಲ್ಲಿ, ತಾಳದಲ್ಲಿ, ಅದು ತೆರೆಗೆ ಬಂದ ವರ್ಷದಲ್ಲಿ ಸಿಗುತ್ತದೆ.

ಮೂಲದಲ್ಲಿ ಮಿಡತೆಯೇ ಇರಲಿಲ್ಲ

ಈಸೋಪನ ಹೆಸರಿನಲ್ಲಿ ನಡೆದುಬಂದ ಹಳೆಯ ಗ್ರೀಕ್ ಕಥೆ ತೀರಾ ಚಿಕ್ಕದು. ಚಳಿಗಾಲ, ಇರುವೆಗಳು ನೆನೆದ ಕಾಳನ್ನು ಹೊರಗೆ ತಂದು ಒಣಹಾಕಿವೆ. ಹಸಿದ ಜೀರುಂಡೆಯೊಂದು ಬಂದು ತಿನ್ನಲು ಏನಾದರೂ ಕೊಡಿ ಎನ್ನುತ್ತದೆ. ಬೇಸಿಗೆಯಲ್ಲಿ ಯಾಕೆ ಕೂಡಿಡಲಿಲ್ಲ ಎಂದು ಇರುವೆಗಳು ಕೇಳುತ್ತವೆ. ಬಿಡುವೇ ಇರಲಿಲ್ಲ, ಹಾಡುತ್ತಿದ್ದೆ ಎನ್ನುತ್ತದೆ ಜೀರುಂಡೆ. ಬೇಸಿಗೆಯಲ್ಲಿ ಹಾಡಿದೆಯಲ್ಲ, ಈಗ ಕುಣಿ ಎಂದು ಇರುವೆಗಳು ನಗುತ್ತವೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಜೀರುಂಡೆ ಸತ್ತಿತೋ ಬದುಕಿತೋ ಎಂದು ಹೇಳುವ ಗೋಜಿಗೆ ಅದು ಹೋಗುವುದಿಲ್ಲ.

ಕಾಳು ಒಣಹಾಕುವುದು ಕಟ್ಟುಕಥೆಯಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೀಜ ಕೂಡಿಡುವ ಇರುವೆಗಳಿವೆ; ಮಳೆಗೆ ನೆನೆದ ಬೀಜಗಳನ್ನು ಅವು ನಿಜಕ್ಕೂ ಹೊರಗೆ ತಂದು ಬಿಸಿಲಿಗೆ ಹರಡುತ್ತವೆ. ಬೇಸಿಗೆಯಿಡೀ ಮರಕ್ಕಂಟಿಕೊಂಡು ಕಿವಿ ತುಂಬುವಂತೆ ಕಿರುಗುಡುವ ಜೀರುಂಡೆಗಳೂ ಅಲ್ಲಿ ಹೇರಳ. ಕಥೆ ಉತ್ತರ ಯುರೋಪಿನತ್ತ ಹೋದಾಗ ಅಲ್ಲಿ ಜೀರುಂಡೆ ಅಪರೂಪವಾದ್ದರಿಂದ ಮಿಡತೆ ಆ ಜಾಗಕ್ಕೆ ಬಂತು. ರಷ್ಯಾದಲ್ಲಿ 1808ರಲ್ಲಿ ಕ್ರಿಲೋವ್ ಬರೆದ ಪದ್ಯದಲ್ಲಿ ಅದು ಏರೋಪ್ಲೇನ್ ಚಿಟ್ಟೆಯಾಯಿತು.

ಜೀರುಂಡೆಯ ಪರವಾಗಿ ವಾದಿಸಿದವರೂ ಇದ್ದಾರೆ. ಫ್ರಾನ್ಸಿನ ಕೀಟಶಾಸ್ತ್ರಜ್ಞ ಜಾನ್ ಆನ್ರಿ ಫಾಬ್ರ್ ದಕ್ಷಿಣ ಫ್ರಾನ್ಸಿನ ತನ್ನ ತೋಟದಲ್ಲಿ ಈ ಹುಳಗಳನ್ನು ವರ್ಷಗಟ್ಟಲೆ ಗಮನಿಸಿ, ಕಥೆ ಪೂರ್ತಿ ತಲೆಕೆಳಗಾಗಿದೆ ಎಂದು ಬರೆದ. ಬೆಳೆದ ಜೀರುಂಡೆ ಬೇಸಿಗೆ ಮುಗಿಯುವಷ್ಟರಲ್ಲಿ ಸಾಯುತ್ತದೆ, ಚಳಿಗಾಲದಲ್ಲಿ ಬೇಡಲು ಅದು ಇರುವುದೇ ಇಲ್ಲ. ಸುಡುಬಿಸಿಲಿನಲ್ಲಿ ಜೀರುಂಡೆ ತೊಗಟೆ ಕೊರೆದು ರಸ ಹೀರುತ್ತಿರುವಾಗ ಅದರ ಕಾಲಡಿ ನುಗ್ಗಿ ಆ ರಸ ಕುಡಿಯುವುದು, ಕೊನೆಗೆ ಜೀರುಂಡೆಯನ್ನೇ ಅಲ್ಲಿಂದ ಓಡಿಸುವುದು ಇರುವೆಗಳು. ಗ್ರೀಕರಿಗೂ ಇರುವೆಯ ಮೇಲೆ ಪೂರ್ತಿ ನಂಬಿಕೆ ಇದ್ದಂತಿಲ್ಲ. ಈಸೋಪನದೇ ಎನ್ನಲಾಗುವ ಇನ್ನೊಂದು ಕಥೆಯ ಪ್ರಕಾರ ಇರುವೆ ಹಿಂದೆ ಒಬ್ಬ ರೈತನಾಗಿದ್ದ. ತನ್ನ ಬೆಳೆ ಸಾಲದೆ ನೆರೆಯವರದನ್ನೂ ಕದಿಯುತ್ತಿದ್ದ. ಸಿಟ್ಟಾದ ದೇವರಾಜ ಜೂಸ್ ಅವನನ್ನು ಇರುವೆ ಮಾಡಿದ. ರೂಪ ಹೋಯಿತು, ಬುದ್ಧಿ ಹೋಗಲಿಲ್ಲ.

1668ರಲ್ಲಿ ಫ್ರೆಂಚ್ ಕವಿ ಲಾ ಫೊಂಟೇನ್ ತನ್ನ ನೀತಿಪದ್ಯಗಳ ಮೊದಲ ಸಂಪುಟವನ್ನು ಇದೇ ಕಥೆಯಿಂದ ಶುರುಮಾಡಿದ. ಅವನ ಇರುವೆಯೂ ಕುಣಿ ಹೋಗು ಎಂದೇ ಅಟ್ಟುತ್ತದೆ. ಆದರೆ ಆ ಇರುವೆಗೆ ಸಾಲ ಕೊಡುವ ಅಭ್ಯಾಸವಿಲ್ಲ ಎಂಬ ಒಂದು ಚುಚ್ಚುಮಾತನ್ನು ಕವಿ ನಡುವೆ ಸೇರಿಸಿದ್ದಾನೆ. ಇದೇ ಲಾ ಫೊಂಟೇನ್ ಹತ್ತು ವರ್ಷದ ನಂತರದ ಸಂಪುಟದಲ್ಲಿ, ತನ್ನ ಹೊಸ ಕಥೆಗಳಲ್ಲಿ ಹೆಚ್ಚಿನವು ಭಾರತದ ಜ್ಞಾನಿ ‘ಪಿಲ್ಪೇ’ಯ ಋಣ ಎಂದು ಒಪ್ಪಿಕೊಂಡ. ಆ ಹೆಸರಿನಲ್ಲಿ ಪರ್ಶಿಯಾ ಮೂಲಕ ಯುರೋಪಿಗೆ ತಲುಪಿದ್ದು ಪಂಚತಂತ್ರದ ಕಥೆಗಳೇ. ನಮ್ಮಲ್ಲಿ 11ನೇ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದದ್ದೂ ಪಂಚತಂತ್ರವನ್ನೇ, ವಸುಭಾಗ ಭಟ್ಟನ ಪಾಠ ಹಿಡಿದು. ಇರುವೆ–ಜೀರುಂಡೆಯ ಕಥೆ ಮಾತ್ರ ಆ ದಾರಿಯಿಂದ ಬಂದದ್ದಲ್ಲ, ಅದು ಗ್ರೀಕ್ ಕಡೆಯದು.

ಡಿಸ್ನಿಗಿಂತ ಸುಮಾರು ಎರಡು ದಶಕ ಮೊದಲೇ ಈ ಕಥೆ ಚಲಿಸುವ ಚಿತ್ರವಾಗಿತ್ತು. ಮಾಸ್ಕೋದಲ್ಲಿ ವ್ಲಾದಿಸ್ಲಾವ್ ಸ್ತಾರೆವಿಚ್ ಸತ್ತ ಹುಳಗಳ ಕಾಲುಗಳಿಗೆ ತಂತಿ ಕಟ್ಟಿ, ಇಷ್ಟಿಷ್ಟೇ ಕದಲಿಸಿ, ಒಂದೊಂದೇ ಫ್ರೇಮ್ ತೆಗೆದು ಕ್ರಿಲೋವ್‌ನ ಪದ್ಯವನ್ನು ತೆರೆಗೆ ತಂದಿದ್ದ. ಅವನ ಇರುವೆಯೂ ಬಾಗಿಲು ತೆರೆಯಲಿಲ್ಲ.

ಎಂಟು ನಿಮಿಷದಲ್ಲಿ ನಡೆಯುವುದು

ಡಿಸ್ನಿ ಚಿತ್ರದ ಮಿಡತೆ ಎತ್ತರದ, ಸಡಿಲ ಕೈಕಾಲಿನ ಹುಡುಗಾಟದ ಪ್ರಾಣಿ. ಕೈಯಲ್ಲಿ ಪಿಟೀಲು. ಸುತ್ತ ಎಲೆ, ಹೂವು, ಯಾವುದಕ್ಕೂ ಕೊರತೆಯಿಲ್ಲ. ‘ಜಗತ್ತು ನನಗೆ ಅನ್ನ ಕೊಡಬೇಕಾದ ಬಾಕಿ ಇದೆ’ ಎಂಬ ಅರ್ಥದ ಹಾಡು ಹಾಡುತ್ತ ಅದು ಕುಣಿಯುತ್ತದೆ. ಪಕ್ಕದಲ್ಲಿ ಇರುವೆಗಳು ಸಾಲುಗಟ್ಟಿ ತಿನಿಸು ಸಾಗಿಸುತ್ತಿವೆ. ಭಾರ ಎಳೆಯುತ್ತಿದ್ದ ಒಂದು ಪುಟ್ಟ ಇರುವೆಯನ್ನು ಮಿಡತೆ ಪುಸಲಾಯಿಸುತ್ತದೆ. ಪಿಟೀಲಿನ ನಾದಕ್ಕೆ ಅದು ಕೆಲಸ ಬಿಟ್ಟು ಕುಣಿಯತೊಡಗುತ್ತದೆ. ಅಷ್ಟರಲ್ಲಿ ಇರುವೆಗಳ ರಾಣಿಯ ಸವಾರಿ ಬರುತ್ತದೆ. ಪುಟ್ಟ ಇರುವೆ ಬೆದರಿ ಕೆಲಸಕ್ಕೆ ಓಡುತ್ತದೆ. ಚಳಿಗಾಲ ಬಂದರೆ ನಿನ್ನ ರಾಗ ಬದಲಾಗುತ್ತದೆ ಎಂದು ರಾಣಿ ಮಿಡತೆಗೆ ಎಚ್ಚರಿಸುತ್ತಾಳೆ. ಅದು ಇನ್ನೂ ದೂರ ಇದೆ ಎಂದು ಮಿಡತೆ ತಳ್ಳಿಹಾಕುತ್ತದೆ.

ಆಮೇಲೆ ಎಲೆ ಉದುರುತ್ತದೆ, ಹಿಮ ಬೀಳುತ್ತದೆ. ಹಿಮಗಾಳಿಯಲ್ಲಿ ತಡವರಿಸುತ್ತ ಬಂದ ಮಿಡತೆ ಇರುವೆಗಳ ಬಾಗಿಲ ಬಳಿ ಕುಸಿಯುತ್ತದೆ. ಇರುವೆಗಳು ಅದನ್ನು ಒಳಗೆ ಸಾಗಿಸಿ ಶಾಖ ಕೊಟ್ಟು ಉಪಚರಿಸುತ್ತವೆ. ಆಗ ರಾಣಿ ಎದುರು ಬಂದು ನಿಲ್ಲುತ್ತಾಳೆ. ಆ ಕೊನೆಯ ದೃಶ್ಯಕ್ಕೆ ಮುಂದೆ ಬರುತ್ತೇನೆ. ಮೊದಲು ಇದನ್ನು ಮಾಡಿದ ವಿಧಾನ ನೋಡೋಣ.

ಮೊದಲು ತಾಳ, ಆಮೇಲೆ ಚಿತ್ರ

ಈ ಕಾರ್ಟೂನ್ ‘ಸಿಲ್ಲಿ ಸಿಂಫನಿ’ ಎಂಬ ಮಾಲಿಕೆಯ ಭಾಗ. 1929ರಿಂದ 1939ರವರೆಗೆ ಬಂದ 75 ಕಿರುಚಿತ್ರಗಳ ಮಾಲಿಕೆ ಅದು. ಮಿಕ್ಕಿಯಂಥ ಖಾಯಂ ನಾಯಕನಿಲ್ಲದೆ, ಪ್ರತಿ ಸಲ ಹೊಸ ಕಥೆ. ನಡೆಯುವ ಕ್ರಿಯೆಗೆ ಹಿನ್ನೆಲೆ ಸಂಗೀತ ಹಾಕುವ ಬದಲು ಸಂಗೀತವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು ಚಿತ್ರ ಕಟ್ಟೋಣ ಎಂಬ ಆಲೋಚನೆಯನ್ನು ಕೊಟ್ಟವರು ಸಂಗೀತಗಾರ ಕಾರ್ಲ್ ಸ್ಟಾಲಿಂಗ್.

ಹೇಳುವುದು ಸುಲಭ, ಮಾಡುವುದಕ್ಕೆ ಲೆಕ್ಕ ಬೇಕು. ಸೌಂಡ್ ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಎಂಟು ನಿಮಿಷಕ್ಕೆ 11,520 ಫ್ರೇಮ್. ಬಿಡಿಸುವವನು ತನ್ನ ಮೇಜಿನಲ್ಲಿ ಮೌನವಾಗಿ ಬಿಡಿಸುತ್ತಾನೆ, ವಾದ್ಯಗಾರರು ಬೇರೆ ದಿನ ಬೇರೆ ಕೋಣೆಯಲ್ಲಿ ನುಡಿಸುತ್ತಾರೆ. ಇರುವೆಯ ಕಾಲು ನೆಲಕ್ಕೆ ತಾಗುವ ಕ್ಷಣವೂ ತಾಳದ ಪೆಟ್ಟೂ ಒಂದೇ ಫ್ರೇಮಿನಲ್ಲಿ ಬೀಳುವುದು ಹೇಗೆ?

ಇದಕ್ಕೆ ದಾರಿ ಹುಡುಕಿದವರಲ್ಲಿ ಮುಖ್ಯರು ಈ ಚಿತ್ರದ ನಿರ್ದೇಶಕ ವಿಲ್‌ಫ್ರೆಡ್ ಜಾಕ್ಸನ್. ಅವರ ತಾಯಿ ಸಂಗೀತದ ಟೀಚರ್, ಹಾಗಾಗಿ ಟಕ್ ಟಕ್ ಎಂದು ಲಯ ತೋರಿಸುವ ಮೆಟ್ರೊನೋಮ್ ಅವರಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. 1928ರಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ತಯಾರಾಗುವಾಗ ಅದನ್ನು ಬಳಸಬಹುದೆಂದು ಸೂಚಿಸಿದ್ದು ಅವರೇ. ಲೆಕ್ಕ ಹೀಗೆ: 12 ಫ್ರೇಮಿಗೊಂದು ಪೆಟ್ಟು ಎಂದಿಟ್ಟುಕೊಂಡರೆ ಸೆಕೆಂಡಿಗೆ ಎರಡು, ನಿಮಿಷಕ್ಕೆ 120 ಪೆಟ್ಟು. 8 ಫ್ರೇಮಿಗೊಂದು ಎಂದರೆ ನಿಮಿಷಕ್ಕೆ 180. ಲಯ ಫ್ರೇಮುಗಳ ಲೆಕ್ಕಕ್ಕೆ ಇಳಿದ ಮೇಲೆ ನಿರ್ದೇಶಕರೂ ಸಂಗೀತ ನಿರ್ದೇಶಕರೂ ಒಟ್ಟಿಗೆ ಕೂತು ಇಡೀ ಚಿತ್ರವನ್ನು ಸ್ವರಲಿಪಿಯಂಥ ಹಾಳೆಯಲ್ಲಿ ಬರೆಯಬಹುದು: ಮೇಲಿನ ಸಾಲಿನಲ್ಲಿ ಸಂಗೀತ, ಕೆಳಗೆ ಆ ಹೊತ್ತಿಗೆ ನಡೆಯುವ ಕ್ರಿಯೆ. ಬಿಡಿಸುವವರ ಕೈಗೆ ಹೋಗುವುದು ಈ ಲೆಕ್ಕ. ಎಷ್ಟನೆಯ ಚಿತ್ರದಲ್ಲಿ ಹೆಜ್ಜೆ ಊರಬೇಕು ಎಂಬುದು ಪೆನ್ಸಿಲ್ ಹಿಡಿಯುವ ಮೊದಲೇ ತೀರ್ಮಾನವಾಗಿರುತ್ತದೆ.

ಉಳಿದದ್ದು ತಾಳ್ಮೆಯ ಕೈಕೆಲಸ. ಪೆನ್ಸಿಲ್ ಚಿತ್ರಗಳನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಾಳೆಯ ಹಿಂಬದಿಗೆ ಬಣ್ಣ ತುಂಬಬೇಕು. ಡಿಸ್ನಿ ಸ್ಟುಡಿಯೊದಲ್ಲಿ ಈ ಕೆಲಸ ಮಾಡುತ್ತಿದ್ದವರು ಹೆಣ್ಣುಮಕ್ಕಳು. ಬಣ್ಣ ಹಾಕಿದ ಹಾಳೆಯನ್ನು ಜಲವರ್ಣದ ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾದಲ್ಲಿ ಒಂದು ಫ್ರೇಮ್ ತೆಗೆದು, ಹಾಳೆ ಬದಲಿಸಿ, ಮತ್ತೊಂದು ತೆಗೆಯಬೇಕು. ತೆರೆಯ ಮೇಲೆ ನಮಗೆ ಕಾಣುವ ಇರುವೆಗಳ ದುಡಿಮೆಯ ಹಿಂದೆ, ಹೆಸರು ಹಾಕಿಸಿಕೊಳ್ಳದೆ ಸಾಲಾಗಿ ಕೂತು ಬಣ್ಣ ತುಂಬಿದ ಈ ಕೈಗಳಿವೆ. ಚಿತ್ರ ನೋಡುವಾಗ ಇದು ನೆನಪಿರಬೇಕು ಎಂದು ನನಗನ್ನಿಸುತ್ತದೆ.

ಈಗ ಚಿತ್ರಕ್ಕೆ ಮರಳಿದರೆ ಒಂದು ವಿಷಯ ತಿಳಿಯುತ್ತದೆ. ಇರುವೆಗಳಿಗೂ ಮಿಡತೆಗೂ ಒಂದೇ ಸಂಗೀತದ ಆಸರೆ. ದುಡಿಯುವವರ ಹೆಜ್ಜೆಗೆ ಲಯ ಬೇಕು. ಚಿತ್ರದೊಳಗೆ ಪಿಟೀಲು ಇರುವುದು ಮಿಡತೆಯ ಬಳಿ. ಓದುವ ಕಥೆಯಲ್ಲಿ ‘ಹಾಡುತ್ತಿತ್ತು’ ಎಂಬುದು ಒಂದು ಆರೋಪ, ಆ ಹಾಡು ನಮಗೆ ಕೇಳಿಸುವುದಿಲ್ಲ. ಚಿತ್ರದಲ್ಲಿ ಕೇಳಿಸುತ್ತದೆ, ಚೆನ್ನಾಗಿಯೂ ಇದೆ. ಲೀ ಹಾರ್ಲೈನ್ ರಾಗ ಹಾಕಿ, ಲ್ಯಾರಿ ಮೋರಿ ಬರೆದ ಹಾಡು ಅದು. ಹಾಡಿದವರು ಪಿಂಟೊ ಕಾಲ್ವಿಗ್, ಎಳೆವಯಸ್ಸಿನಲ್ಲಿ ಸರ್ಕಸ್ಸಿನಲ್ಲಿ ಕೋಡಂಗಿಯಾಗಿದ್ದವರು. ಹಾಡು ಇಷ್ಟವಾದ ಮೇಲೆ ಹಾಡಿದವನು ಹಿಮದಲ್ಲಿ ಸಾಯಲಿ ಎಂದು ನೋಡುಗ ಬಯಸುವುದು ಕಷ್ಟ. ಕೊನೆ ಬದಲಾಗುವುದಕ್ಕೆ ಬೇಕಾದ ಅರ್ಧ ಕೆಲಸ ಇಲ್ಲಿಯೇ ಆಗಿಹೋಗಿದೆ.

ಹಸಿರು ಮಿಡತೆ ನೀಲಿಯಾಗುವುದು

ಇನ್ನರ್ಧ ಕೆಲಸ ಬಣ್ಣದ್ದು. 1930ರ ದಶಕದ ಆರಂಭದವರೆಗೆ ಸಿನಿಮಾದಲ್ಲಿ ಬಣ್ಣವೆಂದರೆ ಬಹುತೇಕ ಎರಡೇ ಬಣ್ಣಗಳ ಬೆರಕೆ: ಒಂದು ಕೆಂಪು–ಕಿತ್ತಳೆಯ ಕಡೆಯದು, ಇನ್ನೊಂದು ಹಸಿರು–ನೀಲಿಯ ಕಡೆಯದು. ಅದರಲ್ಲಿ ಹಸಿರನ್ನೂ ನೀಲಿಯನ್ನೂ ಸ್ಪಷ್ಟವಾಗಿ ಬೇರೆ ಮಾಡಿ ತೋರಿಸಲಾಗುತ್ತಿರಲಿಲ್ಲ. ಟೆಕ್ನಿಕಲರ್ ಕಂಪನಿ ಮೂರು ಬಣ್ಣದ ವಿಧಾನ ಕಂಡುಹಿಡಿದಾಗ ಅದನ್ನು ಮೊದಲು ಬಳಸಲು ಮುಂದೆ ಬಂದವರು ಡಿಸ್ನಿ. 1932ರ ‘ಫ್ಲವರ್ಸ್ ಅಂಡ್ ಟ್ರೀಸ್’ ಹೀಗೆ ಬಂದ ಮೊದಲ ಕಾರ್ಟೂನ್; ಕಾರ್ಟೂನ್ ಕಿರುಚಿತ್ರಕ್ಕೆ ಕೊಟ್ಟ ಮೊದಲ ಆಸ್ಕರ್ ಕೂಡ ಅದಕ್ಕೇ ಸಿಕ್ಕಿತು. ಆಮೇಲೆ 1935ರ ಕೊನೆಯವರೆಗೆ ಕಾರ್ಟೂನ್‌ಗಳಲ್ಲಿ ಈ ಮೂರು ಬಣ್ಣದ ವಿಧಾನ ಡಿಸ್ನಿಯೊಬ್ಬರದೇ ಸ್ವತ್ತಾಗಿತ್ತು.

ವಿಧಾನ ಹೀಗಿದೆ. ಕಾರ್ಟೂನ್‌ನ ಹಾಳೆ ಕದಲುವುದಿಲ್ಲವಾದ್ದರಿಂದ ಒಂದೇ ಚಿತ್ರವನ್ನು ಕಪ್ಪು–ಬಿಳುಪು ಫಿಲ್ಮಿನ ಮೇಲೆ ಮೂರು ಸಲ ತೆಗೆಯುತ್ತಾರೆ. ಒಮ್ಮೆ ಕೆಂಪು ಗಾಜಿನ ಮೂಲಕ, ಒಮ್ಮೆ ಹಸಿರು, ಒಮ್ಮೆ ನೀಲಿ ಗಾಜಿನ ಮೂಲಕ. ಒಂದೊಂದರಲ್ಲೂ ಆಯಾ ಬಣ್ಣದ ಬೆಳಕು ಎಲ್ಲಿ ಎಷ್ಟಿತ್ತು ಎಂಬ ದಾಖಲೆ ಉಳಿಯುತ್ತದೆ. ಆ ಮೂರು ದಾಖಲೆಗಳಿಂದ ಮೂರು ಅಚ್ಚು ಮಾಡಿ, ಒಂದೊಂದಕ್ಕೂ ಅದಕ್ಕೆ ತಕ್ಕ ಬಣ್ಣ ಹೀರಿಸಿ, ಕೊನೆಯ ಫಿಲ್ಮಿನ ಮೇಲೆ ಒಂದರ ಮೇಲೊಂದು ಒತ್ತುತ್ತಾರೆ. ಮರದ ಅಚ್ಚಿನಿಂದ ಸೀರೆಗೆ ಬಣ್ಣ ಹಾಕುವವರು ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು ಇಟ್ಟುಕೊಂಡು, ಅದೇ ಹೂವಿನ ಮೇಲೆ ಗೆರೆ ತಪ್ಪದಂತೆ ಒತ್ತುತ್ತಾರಲ್ಲ, ಹಾಗೆ. ಕೂದಲೆಳೆಯಷ್ಟು ಸರಿದರೂ ಅಂಚು ಮಸುಕಾಗುತ್ತದೆ. ಹೀಗೆ ಒತ್ತಿದ ಬಣ್ಣ ಬೇಗ ಮಾಸುವುದಿಲ್ಲ, ಆದ್ದರಿಂದಲೇ ಆ ಕಾಲದ ಪ್ರಿಂಟ್‌ಗಳು ಈಗಲೂ ಹೊಳೆಯುತ್ತವೆ.

ಈ ಚಿತ್ರದ ತಂಡ ಬಣ್ಣವನ್ನು ಬರೀ ಚಂದಕ್ಕೆ ಬಳಸಲಿಲ್ಲ. ಬೇಸಿಗೆಯಲ್ಲಿ ಮಿಡತೆ ಎಲೆಯಷ್ಟೇ ಹಸಿರು. ಹಿಮಗಾಳಿಯಲ್ಲಿ ನಡೆಯುವಾಗ ಮೈಯೆಲ್ಲ ನೀಲಿಗಟ್ಟುತ್ತದೆ. ಇರುವೆಗಳು ಶಾಖ ಕೊಟ್ಟಂತೆ ನೀಲಿ ಇಳಿದು ಹಸಿರು ಮರಳುತ್ತದೆ. ಚಳಿ, ಸಾವಿನ ಹತ್ತಿರಕ್ಕೆ ಹೋಗುವುದು, ಜೀವ ಮರಳುವುದು, ಇವು ಮೂರಕ್ಕೂ ಒಂದು ಮಾತೂ ಬೇಕಾಗಲಿಲ್ಲ. ಎರಡು ಬಣ್ಣದ ಹಳೆಯ ವಿಧಾನದಲ್ಲಿ ಹಸಿರಿನಿಂದ ನೀಲಿಗೆ ಆಗುವ ಈ ಬದಲಾವಣೆ ಕಣ್ಣಿಗೆ ಸರಿಯಾಗಿ ಬೀಳುತ್ತಲೇ ಇರಲಿಲ್ಲ. ಇರುವೆಗಳು ಉಪಚಾರ ಮಾಡುವ ದೃಶ್ಯವನ್ನು ಮತ್ತೊಮ್ಮೆ ನೋಡಿದರೆ ಗೊತ್ತಾಗುತ್ತದೆ: ಹಸಿರು ಮರಳಲಿ ಎಂದು ನಾವೇ ಕಾಯುತ್ತಿರುತ್ತೇವೆ.

ಆ ವರ್ಷ ಅಮೆರಿಕದಲ್ಲಿ ಏನು ನಡೆದಿತ್ತು

1929ರ ಅಕ್ಟೋಬರಿನಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಮುಳುಗಿ, ಕೂಡಿಟ್ಟವರ ಹಣವೂ ಹೋಗಿತ್ತು. ಇದು ಮುಖ್ಯ. ಇರುವೆಯಂತೆ ವರ್ಷಗಟ್ಟಲೆ ಉಳಿಸಿದವರು ಕೂಡ ಆ ಚಳಿಗಾಲದಲ್ಲಿ ಬೀದಿಯಲ್ಲಿದ್ದರು. ಕೂಡಿಟ್ಟವನು ಬದುಕುತ್ತಾನೆ, ಕೂಡಿಡದವನು ಕೆಡುತ್ತಾನೆ ಎಂಬ ಹಳೆಯ ಲೆಕ್ಕ ಥಿಯೇಟರಿನಲ್ಲಿ ಕೂತ ಎಷ್ಟೋ ಮಂದಿಯ ಪಾಲಿಗೆ ಸುಳ್ಳಾಗಿತ್ತು.

ಪಿಟೀಲು ಹಿಡಿದ ನಿರುದ್ಯೋಗಿಯೂ ಆಗ ಕಲ್ಪನೆಯ ವ್ಯಕ್ತಿಯಾಗಿರಲಿಲ್ಲ. ಮೂಕಿ ಸಿನಿಮಾದ ಕಾಲದಲ್ಲಿ ದೊಡ್ಡ ಥಿಯೇಟರುಗಳಲ್ಲಿ ವಾದ್ಯವೃಂದವೇ ಇರುತ್ತಿತ್ತು. 1920ರ ದಶಕದ ಕೊನೆಯಲ್ಲಿ ಟಾಕಿ ಬಂದಾಗ ಸಾವಿರಾರು ವಾದ್ಯಗಾರರು ಕೆಲಸ ಕಳೆದುಕೊಂಡರು. ಅವರ ಸಂಘ ಯಂತ್ರದ ಸಂಗೀತದ ವಿರುದ್ಧ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಹೋರಾಡಿತು. ಆ ಕೆಲಸಗಳನ್ನು ಕಸಿದ ತಂತ್ರಜ್ಞಾನದಲ್ಲೇ ತಯಾರಾದ ಒಂದು ಚಿತ್ರ ಪಿಟೀಲು ನುಡಿಸುವವನಿಗೆ ಕೊನೆಯಲ್ಲಿ ಜಾಗ ಕೊಡುತ್ತದೆ.

ಈಗ ಆ ಕೊನೆಯ ದೃಶ್ಯ. ರಾಣಿ ಗಂಭೀರವಾಗಿ ಮಾತು ಶುರುಮಾಡುತ್ತಾಳೆ. ಇರುವೆಗಳ ನಡುವೆ ದುಡಿಯುವವರಿಗೆ ಮಾತ್ರ ಜಾಗ, ಆದ್ದರಿಂದ ನಿನ್ನ ಪಿಟೀಲು ತಗೋ ಎನ್ನುವವರೆಗೂ ಅದು ಹೊರಗೆ ಹಾಕುವ ಮಾತಿನಂತೆಯೇ ಕೇಳುತ್ತದೆ. ಅಲ್ಲಿ ಒಂದು ತಡೆ. ಆಮೇಲೆ ಬರುವ ಮಾತು ‘ನುಡಿಸು’. ನಿಯಮವನ್ನು ರಾಣಿ ಸಡಿಲಿಸಲಿಲ್ಲ, ದುಡಿದವರಿಗೆ ಮಾತ್ರ ಅನ್ನ ಎಂಬುದು ಹಾಗೆಯೇ ಇದೆ. ನುಡಿಸುವುದೂ ದುಡಿಮೆ ಎಂದು ಅವಳು ಲೆಕ್ಕಕ್ಕೆ ತೆಗೆದುಕೊಂಡಳು. ಮಿಡತೆಯ ಹಾಡಿನ ಸಾಹಿತ್ಯವೂ ಆಗ ತಿರುಗುತ್ತದೆ: ಜಗತ್ತು ನನಗೆ ಬಾಕಿ ಎಂದು ಹಾಡುತ್ತಿದ್ದವನು, ನಾನೇ ಜಗತ್ತಿಗೆ ಬಾಕಿ ಎಂದು ಅದೇ ರಾಗದಲ್ಲಿ ಹಾಡುತ್ತಾನೆ. ತಾನು ಮಾಡಿದ್ದು ತಪ್ಪೆಂದೂ ಒಪ್ಪಿಕೊಳ್ಳುತ್ತಾನೆ. ಮೊದಲು ಕೇಳಿದ ಪ್ರಶ್ನೆಗೆ, ಅಂದರೆ ಸೋಮಾರಿಗೆ ಶಿಕ್ಷೆಯೇ ಇಲ್ಲವೆ ಎಂಬುದಕ್ಕೆ, ಚಿತ್ರದೊಳಗಿನ ಉತ್ತರ ಇದು. ಚಳಿ ಶಿಕ್ಷೆಯನ್ನು ಕೊಟ್ಟಾಗಿದೆ, ಇರುವೆಗಳು ಕೊಟ್ಟದ್ದು ಕೆಲಸ.

ಚಿತ್ರ ಬಿಡುಗಡೆಯಾದ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಸರ್ಕಾರದ ಒಂದು ಯೋಜನೆ ನಡೆಯುತ್ತಿತ್ತು. 1933ರ ಡಿಸೆಂಬರಿನಿಂದ 1934ರ ಜೂನ್‌ವರೆಗೆ ಅದು ನಿರುದ್ಯೋಗಿ ಚಿತ್ರಕಾರರಿಗೂ ಶಿಲ್ಪಿಗಳಿಗೂ ಸರ್ಕಾರಿ ಕಟ್ಟಡಗಳಿಗಾಗಿ ಕೆಲಸ ಮಾಡಿಸಿ ಸಂಬಳ ಕೊಟ್ಟಿತು. 1935ರಲ್ಲಿ ವಾದ್ಯಗಾರರಿಗೂ ಅಂಥ ಯೋಜನೆ ಬಂತು. ಅವುಗಳಿಗೂ ಈ ಕಾರ್ಟೂನ್‌ಗೂ ನೇರ ನಂಟು ಇತ್ತೆಂದು ನಾನು ಹೇಳುತ್ತಿಲ್ಲ. ಕಲೆ ಕೂಲಿಗೆ ಅರ್ಹವಾದ ಕೆಲಸವೆ ಎಂಬ ಪ್ರಶ್ನೆ ಆ ಚಳಿಗಾಲದಲ್ಲಿ ದೇಶವೆಲ್ಲ ಕೇಳುತ್ತಿದ್ದ ಪ್ರಶ್ನೆಯಾಗಿತ್ತು, ಅಷ್ಟಂತೂ ನಿಜ.

ಹಾಡು ಹೋದ ದಾರಿ

ಮಿಡತೆಯ ಹಾಡು ಚಿತ್ರಕ್ಕಿಂತ ದೂರ ಹೋಯಿತು. ಅದೇ ವರ್ಷ ‘ನೌ ಅಂಡ್ ಫಾರೆವರ್’ ಸಿನಿಮಾದಲ್ಲಿ ಬಾಲನಟಿ ಶರ್ಲಿ ಟೆಂಪಲ್ ಅದನ್ನು ಹಾಡಿದಳು. 1935ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ತಮ್ಮ ‘ಇಂಗ್ಲೆಂಡ್ ಮೇಡ್ ಮಿ’ಯ ಮೊದಲ ಪುಟದಲ್ಲಿ ಅದರ ಸಾಲನ್ನು ಉಲ್ಲೇಖಿಸಿದರು. ಪಿಂಟೊ ಕಾಲ್ವಿಗ್ ಡಿಸ್ನಿಯ ‘ಗೂಫಿ’ಗೂ ದನಿಯಾದವರು, ಹಾಗಾಗಿ ಗೂಫಿ ಗುನುಗುವ ರಾಗವೂ ಇದೇ ಆಯಿತು. ರಾಗ ಹಾಕಿದ ಲೀ ಹಾರ್ಲೈನ್ 1940ರ ‘ಪಿನೋಕಿಯೊ’ಗೆ ಸಂಗೀತ ಕೊಟ್ಟು ಆಸ್ಕರ್ ಪಡೆದರು. ಆ ಚಿತ್ರದಲ್ಲೂ ಒಂದು ಹಾಡುವ ಹುಳವಿದೆ, ಜಿಮಿನಿ ಎಂಬ ಮಿಡಿಹುಳ. ಅದಕ್ಕೆ ಕೊಟ್ಟ ಕೆಲಸ ನಾಯಕನ ಆತ್ಮಸಾಕ್ಷಿಯಾಗಿರುವುದು.

ಜಾಕ್ಸನ್ ಮುಂದೆ ಈಸೋಪನ ಇನ್ನೊಂದು ಕಥೆಗೆ ಕೈಹಾಕಿದರು, ಆಮೆ–ಮೊಲದ ಓಟಕ್ಕೆ. 1935ರ ಜನವರಿಯಲ್ಲಿ ಬಂದ ‘ದಿ ಟಾರ್ಟಾಯ್ಸ್ ಅಂಡ್ ದಿ ಹೇರ್’ ಆಸ್ಕರ್ ಗೆದ್ದಿತು. ಅದರಲ್ಲಿ ಕೊನೆ ಬದಲಾಗಲಿಲ್ಲ, ಆಮೆಯೇ ಗೆಲ್ಲುತ್ತದೆ. ಆದರೆ ಬಿಡಿಸುವವರು ಮೊಲದ ವೇಗಕ್ಕೆ, ಅದರ ಜಂಬದ ನಡೆಗೆ ಎಷ್ಟು ಕೌಶಲ ಸುರಿದಿದ್ದರೆಂದರೆ, ಆಮೆ ಗೆದ್ದ ಮೇಲೂ ನೋಡುಗರ ಕಣ್ಣು ಮೊಲದ ಮೇಲೇ ಉಳಿಯಿತು. ಕೆಲವು ವರ್ಷಗಳ ನಂತರ ಇನ್ನೊಂದು ಸ್ಟುಡಿಯೊದಲ್ಲಿ ಹುಟ್ಟಿದ ಬಗ್ಸ್ ಬನ್ನಿಯ ಮೈಕಟ್ಟಿನಲ್ಲೂ ಠೀವಿಯಲ್ಲೂ ಈ ಸೋತ ಮೊಲದ ಛಾಯೆಯನ್ನು ಕಾರ್ಟೂನ್ ಇತಿಹಾಸಕಾರರು ಗುರುತಿಸುತ್ತಾರೆ.